ಮುಂದಿನ ಕೈಗೆ ಬರೆದ ಚೀಟಿ

ಪುಳಿಯಂಕಡವು
ಜೂನ್ 3, 2024

ಪ್ರೀತಿಯ ವಿಲಾಸಿನಿ ಚೇಚಿ,

ಕಿವಿಯ ಯಂತ್ರ ಈಗ ಹೇಗಿದೆ? ಹೊಸದರಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿಯೆಲ್ಲ ಕೇಳುತ್ತದೆ, ಮನೆಯವರ ಮಾತು ಮಾತ್ರ ಕೇಳುವುದಿಲ್ಲ ಎಂದು ನೀನು ಅದನ್ನು ಕಳಚಿ ಸಕ್ಕರೆ ಡಬ್ಬಿಯ ಪಕ್ಕ ಇಟ್ಟುಬಿಟ್ಟೆಯಂತೆ, ನಿನ್ನ ಮಗಳು ಷೈಮ ಹೇಳಿದಳು. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಕಾಗದವಾದರೆ ಗಟ್ಟಿಯಾಗಿ ಹೇಳಬೇಕಾಗಿಲ್ಲ. ಭಾವ ಬಾಲೇಟ್ಟನ ಮೊಣಕಾಲಿಗೆ ಇಲ್ಲಿಂದ ಕಳಿಸಿದ ಎಣ್ಣೆ ಹಿಡಿಸಿತೇ? ಭಿಲಾಯಿಯಲ್ಲಿ ಬಿಸಿಲು ನಲವತ್ತೈದು ಮುಟ್ಟಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಮಧ್ಯಾಹ್ನದ ಹೊತ್ತು ತರಕಾರಿಗೆಂದು ಹೊರಡಬೇಡ. ನನಗೆ ರಕ್ತದೊತ್ತಡ ಬಿಟ್ಟರೆ ಬೇರೆ ತೊಂದರೆ ಇಲ್ಲ. ಅದು ಏರುವುದಕ್ಕೂ ಕಾರಣ ನಾನು ಬೆಳಿಗ್ಗೆ ಪತ್ರಿಕೆ ಓದುವುದೇ ಎಂದು ನಿನ್ನ ನಾದಿನಿ ರಮಣಿಯ ತೀರ್ಮಾನ. ಈ ವಾರ ಏರಿದ್ದಕ್ಕೆ ಪತ್ರಿಕೆ ಕಾರಣವಲ್ಲ, ನಮ್ಮ ವಾಯನಶಾಲೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ವಾಯನಶಾಲೆಗೆ ಈ ವರ್ಷ ಎಪ್ಪತ್ತೈದು ತುಂಬುತ್ತದೆ. ನೀನು ನೋಡಿದ ಮೂರು ಅಲಮಾರಿ, ಮಂಗಳೂರು ಹೆಂಚಿನ ಒಂದೇ ಕೋಣೆ ಈಗಿಲ್ಲ. ಎರಡು ಅಂತಸ್ತಿನ ಕಟ್ಟಡ, ಹದಿನಾಲ್ಕು ಸಾವಿರ ಪುಸ್ತಕ, ಮೇಲೆ ನಾಟಕಕ್ಕೆ ವೇದಿಕೆ. ಆದರೆ ನೀನು ಹಾಕಿಕೊಟ್ಟ ಒಂದು ಪದ್ಧತಿ ಹಾಗೇ ನಡೆದು ಬಂದಿತ್ತು. ಹದಿಮೂರರಿಂದ ಹದಿನೆಂಟರ ಮಕ್ಕಳು ಭಾನುವಾರ ಮೂರು ಗಂಟೆಗೆ ಸೇರಬೇಕು. ಓದಿ ಮುಗಿಸಿದ ಪುಸ್ತಕವನ್ನು ಅಲಮಾರಿಗೆ ಹಿಂದಿರುಗಿಸುವಂತಿಲ್ಲ. ಅದರ ಹಿಂದಿನ ರಟ್ಟಿನ ಜೇಬಿನಲ್ಲಿ ಒಂದು ಚೀಟಿ ಇಟ್ಟು, ಮುಂದೆ ಯಾರು ಓದಬೇಕು, ಯಾಕೆ ಓದಬೇಕು ಎಂದು ಬರೆದು ಆ ಹೆಸರಿನವರಿಗೆ ಕೊಡಬೇಕು. ಹೆಸರು ಬಂದವರು ಬೇಡವೆನ್ನುವಂತಿಲ್ಲ. ಸ್ವಂತ ಮನೆಯವರಿಗೆ ಕೊಡುವಂತಿಲ್ಲ. ‘ಮುಂದಿನ ಕೈ’ ಎಂದು ನೀನಿಟ್ಟ ಹೆಸರನ್ನೇ ಇಂದಿನ ಮಕ್ಕಳೂ ಹೇಳುತ್ತಾರೆ. ಹುಡುಗರೆಲ್ಲ ತೆಳ್ಳಗಿನ ಪುಸ್ತಕವನ್ನೇ ಆರಿಸಿ ಒಯ್ಯುತ್ತಾರೆಂದು ಸಿಟ್ಟಾಗಿ ಹದಿನೈದರ ಹುಡುಗಿಯೊಬ್ಬಳು ಮಾಡಿದ ನಿಯಮವಿದು ಎಂದು ಅವರಿಗೆ ಗೊತ್ತಿಲ್ಲ. ಹಳೆಯ ಚೀಟಿಗಳಲ್ಲಿ ಒಂದು ಮಾತ್ರ ಊರಲ್ಲಿ ಇನ್ನೂ ಬಾಯಿಪಾಠ. ಒಂದು ಪುಸ್ತಕಕ್ಕೆ ಮೂರು ತಿಂಗಳು ತೆಗೆದುಕೊಳ್ಳುತ್ತಿದ್ದ ನಾಣುವೇಟ್ಟನಿಗೆ ದಪ್ಪ ಕಾದಂಬರಿಯೊಂದನ್ನು ಕೊಟ್ಟು, ‘ನೀನು ಇದನ್ನು ಮುಗಿಸುವಷ್ಟರಲ್ಲಿ ನನ್ನ ಮದುವೆಯಾಗಿ ಮಕ್ಕಳಾಗಿರುತ್ತವೆ’ ಎಂದು ಬರೆದಿದ್ದೆಯಲ್ಲ, ಅದು. ಈಗ ನಾಣುವೇಟ್ಟನೇ ಸಮಿತಿಯ ಅಧ್ಯಕ್ಷ. ಎಪ್ಪತ್ತೆರಡು ವಯಸ್ಸು, ಕೃತಕ ಹಲ್ಲು, ಆ ಚೀಟಿಯ ಮಾತು ಹೇಳಿ ಇನ್ನೂ ನಗುತ್ತಾನೆ. ನಕ್ಕಮೇಲೆ ನನ್ನ ಮುಖ ನೋಡಿ ನಿಲ್ಲಿಸುತ್ತಾನೆ.

ಕಳೆದ ತಿಂಗಳು ಅಮೃತಮಹೋತ್ಸವದ ಸ್ಮರಣ ಸಂಚಿಕೆಯ ಕರಡು ತಿದ್ದಲು ನನ್ನ ಬಳಿ ಬಂತು. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನಿಗೆ ಊರು ಕೊಡುವ ಮರ್ಯಾದೆ ಇದೊಂದೇ. ಒಂದು ದಿನವೂ ಪಾಠ ಹೇಳದಿದ್ದರೂ ತಪ್ಪು ಹುಡುಕುತ್ತೇನೆಂಬ ಕಾರಣಕ್ಕೆ ಎಲ್ಲರೂ ನನ್ನನ್ನು ಮಾಷ್ ಎನ್ನುತ್ತಾರೆ. ಸಂಚಿಕೆಯ ಒಂಬತ್ತನೆಯ ಪುಟದಲ್ಲಿ ಹೀಗಿತ್ತು: ‘1971ರಷ್ಟು ಹಿಂದೆಯೇ ನಮ್ಮ ವಾಯನಶಾಲೆ ಹೆಣ್ಣುಮಕ್ಕಳ ಮನೆಬಾಗಿಲಿಗೆ ಪುಸ್ತಕ ತಲುಪಿಸುವ ದೂರದೃಷ್ಟಿಯ ಯೋಜನೆ ಆರಂಭಿಸಿತು.’ ನಾನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ. ರಮಣಿ ಬಂದು, “ಎಷ್ಟು ತಪ್ಪಿದೆ ಅದರಲ್ಲಿ?” ಎಂದಳು. “ಅಕ್ಷರ ತಪ್ಪಿಲ್ಲ” ಎಂದೆ. ಆ ಯೋಜನೆ ಯಾಕೆ ಆರಂಭವಾಯಿತೆಂದು ಬಲ್ಲವರು ಈ ಊರಲ್ಲಿ ನಾಲ್ಕೈದು ಮಂದಿ ಉಳಿದಿದ್ದೇವೆ. ನಿನ್ನ ಒಂದು ಚೀಟಿಯ ನಂತರ ಹುಡುಗಿಯರು ವಾಯನಶಾಲೆಯ ಮೆಟ್ಟಿಲು ಹತ್ತಬಾರದೆಂದು ನಿಶ್ಚಯವಾಯಿತು. ಓದು ನಿಲ್ಲಿಸಿದರೆ ಹೊರಗಿನವರು ನಗುತ್ತಾರೆಂದು ಪುಸ್ತಕವನ್ನು ಚೀಲದಲ್ಲಿ ಹಾಕಿ ಮನೆಗೆ ಕಳಿಸತೊಡಗಿದರು. ಹನ್ನೆರಡು ವರ್ಷ ಹಾಗೆ ನಡೆಯಿತು. ಶಿಕ್ಷೆಯನ್ನೇ ಸೇವೆಯೆಂದು ಕರೆದು ಅದಕ್ಕೆ ಈಗ ಸನ್ಮಾನ ಬೇರೆ.

ಆ ಸಾಲನ್ನು ತೆಗೆಸಲು ನಾನು ಹೊರಟಿರುವಾಗಲೇ ಅದು ಮತ್ತೊಮ್ಮೆ ನಡೆಯಿತು. ನಿವೇದ್ಯ ಎಂಬ ಹುಡುಗಿ, ಹದಿನಾರು ವಯಸ್ಸು, ಬೀಡಿ ಕಟ್ಟುತ್ತಿದ್ದ ಚೀರುವೇಚಿಯ ಮೊಮ್ಮಗಳು. ಎರಡು ವರ್ಷದಿಂದ ಭಾನುವಾರದ ಕೂಟವನ್ನು ಅವಳೇ ನಡೆಸುತ್ತಾಳೆ. ಕೈಬರಹದ ಪತ್ರಿಕೆಯನ್ನು ಮತ್ತೆ ಹುಟ್ಟಿಸಿದವಳು ಅವಳೇ. ಒಂದೇ ಪ್ರತಿ, ಮನೆಯಿಂದ ಮನೆಗೆ ಹೋಗಿ ಎಣ್ಣೆ ಕಲೆ, ಚಹಾ ಕಲೆ ಹೊತ್ತು ಹಿಂದಿರುಗುತ್ತದೆ. ಬಾಗಿಲ ಬಳಿ ಹಲಗೆಯೊಂದನ್ನು ತೂಗುಹಾಕಿ, ‘ಪರೀಕ್ಷೆಯಲ್ಲಿ ಸೋತವರಿಗೆ’, ‘ಅಣ್ಣನ ಜೊತೆ ಜಗಳವಾಡಿದವರಿಗೆ’, ‘ಏನೂ ಓದಲು ಮನಸ್ಸಿಲ್ಲದವರಿಗೆ’ ಎಂದು ವಾರವಾರವೂ ಪುಸ್ತಕ ಸೂಚಿಸುತ್ತಾಳೆ. ‘ಎಲ್ಲ ಗೊತ್ತಿದೆ ಎಂದುಕೊಂಡ ಮಾಷ್‌ಗಳಿಗೆ’ ಎಂದು ಒಮ್ಮೆ ಬರೆದಿದ್ದಳು. ನಾನು ಆ ಪುಸ್ತಕ ಒಯ್ದು ಓದಿದೆ. ಗೊತ್ತಿರಲಿಲ್ಲ.

ಆ ಕೂಟದಲ್ಲಿ ಅಖಿನ್ ಎಂಬ ಹುಡುಗನಿದ್ದಾನೆ. ಫೆಬ್ರವರಿಯಲ್ಲಿ ಅವನ ತಾಯಿ ತೀರಿಕೊಂಡಳು. ಹುಡುಗ ಕೂಟಕ್ಕೆ ಬರುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ನಿವೇದ್ಯ ಒಬ್ಬ ನರ್ಸಿನ ಅನುಭವಗಳ ಪುಸ್ತಕ ಓದಿ, ಮುಂದಿನ ಕೈ ಅವನದೆಂದು ಬರೆದು ಚೀಟಿ ಇಟ್ಟಳು. ಆ ಚೀಟಿಯನ್ನು ಕೊನೆಗೆ ನಾನು ನೋಡಿದೆ, ಪೂರ್ತಿಯಾಗಿ ಬರೆಯುತ್ತೇನೆ: ‘ಅಖಿ, ಅಮ್ಮ ಹೋದಮೇಲೆ ನೀನು ಅತ್ತಿಲ್ಲ ಅಂತ ನಿನ್ನ ತಂಗಿ ಹೇಳಿದ್ಲು. ಇದರ ಕೊನೇ ಅಧ್ಯಾಯ ಓದು. ಮನೇಲಿ ಓದ್ಬೇಡ, ಅಪ್ಪ ನೋಡಿದ್ರೆ ಅವರಿಗೂ ಸಂಕಟ. ವಾಯನಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಕೂತ್ಕೋ, ಅಲ್ಲಿಗೆ ಯಾರೂ ಬರಲ್ಲ.’ ಯಾವನೋ ಒಬ್ಬ ತಂದೆ, ಅಖಿನ್‌ನಿಂದ ಮುಂದಿನ ಕೈಗೆ ದಾಟಿದ್ದ ಆ ಪುಸ್ತಕ ತನ್ನ ಮಗಳ ಚೀಲದಲ್ಲಿ ಸಿಕ್ಕಾಗ, ಚೀಟಿಯ ಕೊನೆಯ ಸಾಲೊಂದನ್ನೇ ಫೋಟೋ ತೆಗೆದು ಊರಿನ ವಾಟ್ಸಾಪಿಗೆ ಹಾಕಿದ. ಕೆಳಗೆ ನಿವೇದ್ಯಳ ಹೆಸರು, ಮೇಲೆ ಬೇರೇನೂ ಇಲ್ಲ. ‘ಹಿಂದಿನ ಮೆಟ್ಟಿಲ ಮೇಲೆ ಕೂತ್ಕೋ, ಅಲ್ಲಿಗೆ ಯಾರೂ ಬರಲ್ಲ.’ ಸಂಜೆಯೊಳಗೆ ಹೊಳೆಯ ಕಡವಿನ ಅಂಗಡಿಯಲ್ಲಿ ಬಾಳೆಹಣ್ಣಿನ ಪಳಂಪೊರಿ ತಿನ್ನುತ್ತ ಕೂತಿದ್ದ ಗಂಡಸರೆಲ್ಲ ಸಾಹಿತ್ಯ ವಿಮರ್ಶಕರಾಗಿದ್ದರು. “ಈಗಿನ ಮಕ್ಕಳು ಓದೋದು ಮೆಟ್ಟಿಲ ಮೇಲೆ, ಮಾಷೇ” ಎಂದು ಒಬ್ಬ ನನಗೆ ಕೇಳುವಂತೆ ಹೇಳಿದ. “ನೀನು ಎಲ್ಲೂ ಓದ್ಲಿಲ್ವಲ್ಲ, ಅದಕ್ಕೆ ಉರಿ” ಎಂದೆ. ನಕ್ಕರು. ಆದರೆ ಫೋಟೋ ಓಡುತ್ತಲೇ ಇತ್ತು.

ಮೇ ಇಪ್ಪತ್ತೊಂಬತ್ತಕ್ಕೆ ಸಮಿತಿ ಸೇರಿತು. ಹನ್ನೊಂದು ಮಂದಿ. ನಾನು ಇಡೀ ಚೀಟಿಯನ್ನು ಓದಿದೆ. ಗ್ರಂಥಪಾಲಕಿ ಪ್ರಸೀತ ಕಣ್ಣೊರೆಸಿಕೊಂಡಳು. ಆದರೂ ಒಬ್ಬರು, “ಆ ಹುಡುಗಿ ಒಳ್ಳೇದಕ್ಕೇ ಬರೆದಿರಬಹುದು, ಊರಿನ ಬಾಯಿಗೆ ಯಾರು ಉತ್ತರ ಕೊಡ್ತಾರೆ?” ಎಂದರು. ಇನ್ನೊಬ್ಬರು, ಹುಡುಗಿಯರಿಗೆ ಪುಸ್ತಕ ಮನೆಗೇ ಕಳಿಸೋಣ, ಪ್ರಸೀತ ಹೇಗೂ ಗೃಹಿಣಿಯರಿಗೆ ಒಯ್ಯುತ್ತಾಳಲ್ಲ, ನಮ್ಮಲ್ಲಿ 1971ರಿಂದ ಇರುವ ಪದ್ಧತಿಯೇ ಇದು ಎಂದರು. ನಾನು ಎದ್ದು ನಿಂತೆ. ಆ ಪದ್ಧತಿ ಎಲ್ಲಿಂದ ಬಂತೆಂದು ಹೇಳತೊಡಗಿದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ತಿಂಗಳಿರುವಾಗ ನಿನ್ನನ್ನು ಶಾಲೆ ಬಿಡಿಸಿದ್ದು, ಅಪ್ಪ ಕಡವಿನಲ್ಲಿ ದೋಣಿ ತುಂಬ ಜನರಿರುವಾಗ, ನೀನು ಚೀಟಿ ಬರೆದಿದ್ದ ಅಂಬಿಗರ ಪವಿತ್ರನ ಕೆನ್ನೆಗೆ ಹೊಡೆದದ್ದು, ಅವನು ಹುಟ್ಟನ್ನು ಕೈಬಿಡದೆ ಎಲ್ಲರನ್ನೂ ಆಚೆ ದಡಕ್ಕೆ ಮುಟ್ಟಿಸಿ ಬಂದದ್ದು, ಆಮೇಲೆ ಸಾಯುವವರೆಗೂ ವಾಯನಶಾಲೆಯ ಅಂಗಳಕ್ಕೆ ಕಾಲಿಡದೇ ಇದ್ದದ್ದು, ಹದಿನೇಳಕ್ಕೆ ನಿನ್ನನ್ನು ಹದಿನಾಲ್ಕು ವರ್ಷ ದೊಡ್ಡವರಿಗೆ ಕೊಟ್ಟು ರೈಲು ಹತ್ತಿಸಿದ್ದು, ಎಲ್ಲ ಹೇಳಿದೆ. ಬಾಲೇಟ್ಟ ಒಳ್ಳೆಯವರು, ಅದು ಬೇರೆ ಮಾತು. ನಿನ್ನನ್ನು ಯಾರೂ ಕೇಳಲಿಲ್ಲ, ನಾನು ಹೇಳುತ್ತಿರುವುದು ಅದನ್ನು.

ನಾಣುವೇಟ್ಟ ತಲೆ ಬಗ್ಗಿಸಿ ಕೇಳುತ್ತಿದ್ದ. ಮುಗಿದ ಮೇಲೆ ಸಿಟ್ಟಿಲ್ಲದೆ, ಮೆಲ್ಲಗೆ, “ಭರತಾ, ಕೂತ್ಕೋ” ಎಂದ. “ನೀನು ಹೇಳಿದ್ದೆಲ್ಲ ನಿಜ. ಆದ್ರೆ ಒಂದನ್ನ ಬಿಟ್ಟೆ. ನಾನಾಗ ನಿಮ್ಮಪ್ಪನ ಮಗ್ಗದ ಶೆಡ್ಡಲ್ಲಿ ನೂಲು ಸುತ್ತುತಿದ್ದೆ. ಆ ಚೀಟಿ ತಂದವನು ನೀನು. ಅಪ್ಪನ ಮುಂದೆ ನಿಂತು ಓದಿದವನು ನೀನು. ನಾನು ನನ್ನ ಕಿವಿಯಾರೆ ಕೇಳಿದೀನಿ. ವಿಲಾಸಿನಿ ನನಗೂ ತಂಗಿ ಇದ್ದ ಹಾಗೆ, ಅದಕ್ಕೇ ಈವರೆಗೆ ಬಾಯಿ ಬಿಟ್ಟಿಲ್ಲ. ಆದ್ರೆ ಅಂಥ ಸಾಲು ಕೇಳಿದಮೇಲೆ ಯಾವ ಅಪ್ಪ ತಾನೇ ಸುಮ್ಮನಿರ್ತಾನೆ ಹೇಳು? ಈ ಚೀಟಿಗಳು ಎಲ್ಲಿಗೆ ಹೋಗಿ ಮುಟ್ತವೆ ಅಂತ ಅವತ್ತೇ ನಾನು ಕಂಡಿದೀನಿ.” ಆ ಸಾಲನ್ನೂ ಹೇಳಿದ. ಇಲ್ಲಿ ಬರೆಯಲು ನನ್ನಿಂದ ಆಗುತ್ತಿಲ್ಲ. ಏಳು ಮಂದಿ ಒಪ್ಪಿದರು, ಮೂವರು ಬೇಡವೆಂದರು. ನಾನು ಯಾವ ಕಡೆಗೂ ಕೈ ಎತ್ತಲಿಲ್ಲ. ಚೀಟಿಯ ಪದ್ಧತಿ ನಿಲ್ಲಬೇಕು. ಹದಿನೆಂಟರೊಳಗಿನ ಹುಡುಗಿಯರಿಗೆ ಪುಸ್ತಕ ಮನೆಗೆ. ಭಾನುವಾರದ ಕೂಟ ಹುಡುಗರಿಗೆ ಮಾತ್ರ. ಜೂನ್ ಹದಿನಾರರ ಮಹಾಸಭೆ ಇದನ್ನು ಒಪ್ಪಿದರೆ ಮುಗಿಯಿತು. ಮೂರು ದಿನ ಬಿಟ್ಟು ವಾಚನ ಸಪ್ತಾಹದ ಉದ್ಘಾಟನೆ, ಅದಕ್ಕೆ ಬಣ್ಣದ ಕಾಗದ ಆಗಲೇ ತಂದಿಟ್ಟಿದ್ದಾರೆ.

ಹೌದು ಚೇಚಿ, ಅಪ್ಪನಿಗೆ ಚೀಟಿ ಕೊಟ್ಟದ್ದು ನಾಣುವೇಟ್ಟನಲ್ಲ, ನಾನು. ಶೆಡ್ಡಿನಲ್ಲಿದ್ದ ಅವನೇ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಕೊಟ್ಟನೆಂದು ನೀನು ತಿಳಿದಿದ್ದೆ. ಅಮ್ಮ ತೀರಿಕೊಂಡಾಗ ಬಂದವಳು ಅವನೆದುರು ಮುಖ ತಿರುಗಿಸಿ ಹೋದೆ. ಅವನು ಅದನ್ನು ನುಂಗಿಕೊಂಡ, ನಾನು ನೋಡುತ್ತ ನಿಂತಿದ್ದೆ. ಆಗ ನನಗೆ ಮೂವತ್ತಾರು ವರ್ಷ. ಹನ್ನೆರಡರ ಹುಡುಗ ಮಾಡಿದ್ದಕ್ಕೆ ಹುಡುಗುತನವೆಂಬ ನೆಪವಿದೆ, ಮೂವತ್ತಾರರವನಿಗೆ ಯಾವ ನೆಪವೂ ಇಲ್ಲ.

ಸಭೆಯ ಮರುದಿನ ಬೆಳಿಗ್ಗೆ ನಿವೇದ್ಯ ನಮ್ಮ ಜಗುಲಿಗೆ ಬಂದಳು. ತನ್ನ ಸದಸ್ಯತ್ವದ ಕಾರ್ಡು ಮೇಜಿನ ಮೇಲಿಟ್ಟಳು. ರಮಣಿ ಚಹಾ ತಂದರೆ ಮುಟ್ಟಲಿಲ್ಲ. “ಮಾಷೇ, ಪುಸ್ತಕ ಮನೆಗೆ ಬರುತ್ತೆ, ಸರಿ. ಓದಿದಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ? ಅಜ್ಜಿ ಹತ್ರಾನಾ?” ಎಂದಳು. ನಾನು, ಮಹಾಸಭೆ ಇನ್ನೂ ಇದೆ ಎಂದೆ. “ನೀವು ಕೈ ಎತ್ತಲಿಲ್ವಂತೆ” ಎಂದಳು. ಪ್ರಸೀತ ಹೇಳಿರಬೇಕು. ಯಾಕೆಂದು ಕೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಖಿನ್ ಟ್ಯೂಷನ್ನಿಗೆ ಹೋಗುವಾಗ ಅವಳ ಮನೆಯ ದಾರಿ ಬಿಟ್ಟು ಈಗ ಹೊಲದ ಬದುವಿನ ಮೇಲೆ ಸುತ್ತಿಹೋಗುತ್ತಾನಂತೆ. ಕೊನೆಯ ಅಧ್ಯಾಯ ಓದಿದನೋ ಇಲ್ಲವೋ ಅವಳಿಗೆ ತಿಳಿದಿಲ್ಲ. “ಅದೊಂದು ಗೊತ್ತಾಗ್ಬೇಕಿತ್ತು” ಎಂದಳು. ಕಾರ್ಡನ್ನು ಇಟ್ಟುಕೊಂಡಿರಲು ಹೇಳಿದೆ, ಹದಿನಾರರವರೆಗೆ. ಅವಳು ಬಿಟ್ಟೇ ಹೋದಳು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಹಿಂದೆ ಎಂದೂ ನಿನ್ನನ್ನು ಏನೂ ಕೇಳಿದವನಲ್ಲ. ಮಹಾಸಭೆಯಲ್ಲಿ ಓದಲು ನೀನೊಂದು ಕಾಗದ ಬರೆದುಕೊಡಬೇಕು. ಉದ್ದ ಬೇಡ. ‘ಮುಂದಿನ ಕೈ’ ಶುರುಮಾಡಿದವಳು ನಾನು, ಪವಿತ್ರನಿಗೆ ನಾನು ಬರೆದದ್ದು ಇಷ್ಟು ಎಂದು ನೆನಪಿದ್ದಷ್ಟನ್ನು ಬರೆ. ಮೂಲ ಚೀಟಿ ಇಲ್ಲ. ಅಪ್ಪ ಅದನ್ನು ಅಲ್ಲೇ, ನೂಲಿಗೆ ಬಣ್ಣ ಕುದಿಸುವ ಒಲೆಗೆ ಹಾಕಿದರು. ಪವಿತ್ರನೂ ಇಲ್ಲ. ಸೇತುವೆ ಬಂದಮೇಲೆ ದೋಣಿ ಮಾರಿ ಸೇಲಂನಲ್ಲಿ ಬೇಕರಿ ಕೆಲಸಕ್ಕಿದ್ದ, ಎರಡು ವರ್ಷದ ಹಿಂದೆ ಹೆಣವಾಗಿ ಊರಿಗೆ ಬಂದ. ನಾನು ಅವನ ಹೆಂಡತಿಯನ್ನು ಮಾತಾಡಿಸಲೆಂದು ಹೋಗಿ ಗೇಟಿನಿಂದಲೇ ಹಿಂದಿರುಗಿದೆ. ಆದ್ದರಿಂದ ಆ ಚೀಟಿಯಲ್ಲಿ ಏನಿತ್ತೆಂದು ಹೇಳಬಲ್ಲವಳು ನೀನೊಬ್ಬಳೇ. ಊರಿಗೆ ಬಾ ಎಂದು ಕರೆಯುವ ಧೈರ್ಯ ನನಗಿಲ್ಲ. ಅಂಚೆಗೆ ಆರು ದಿನ ಹಿಡಿಯುತ್ತದೆ. ಹತ್ತರೊಳಗೆ ಅಲ್ಲಿಂದ ಹೊರಟರೆ ಸಾಕು.

ಬಾಲೇಟ್ಟನಿಗೆ ನನ್ನ ನಮಸ್ಕಾರ. ಷೈಮಳ ಮಗ ಪರೀಕ್ಷೆ ಪಾಸಾದದ್ದು ಕೇಳಿ ಸಂತೋಷವಾಯಿತು, ಅವನಿಗೆ ನಮ್ಮಿಬ್ಬರ ಆಶೀರ್ವಾದ ಹೇಳು. ರಮಣಿ ಎಳೆಮಾವಿನ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಮುಂದಿನ ವಾರ ಆ ಕಡೆಗೆ ಹೊರಡುವವರೊಬ್ಬರ ಕೈಯಲ್ಲಿ ಕಳಿಸುತ್ತೇವೆ. ಖಾರ ಕಡಿಮೆ ಹಾಕಿದ್ದಾಳಂತೆ. ಆರೋಗ್ಯ ನೋಡಿಕೋ.

ನಿನ್ನ ತಮ್ಮ
ಭರತನ್

ವಿ.ಸೂ. ಅಂಚೆ ಡಬ್ಬದವರೆಗೆ ಹೋಗಿ ಹಿಂದಿರುಗಿದ್ದೇನೆ. ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ, ಅಂಚೆ ಒಯ್ಯುವ ಬಸ್ಸಿನ ಹೊತ್ತಾಗಿದೆ, ಅಕ್ಷರ ಕೆಟ್ಟರೆ ಕ್ಷಮಿಸು. ಇದನ್ನು ತಿಳಿಸದೆ ನಿನ್ನಿಂದ ಕಾಗದ ಬರೆಸಿಕೊಂಡರೆ ಅದು ಇನ್ನೊಂದು ಮೋಸ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದಿದ್ದನ್ನೇ ಅವರು ನಂಬಿದರು. ನಾಣುವೇಟ್ಟನೂ ನಂಬಿದ, ಇಂದಿಗೂ ನಂಬಿದ್ದಾನೆ. ‘ಕತ್ತಲಾದಮೇಲೆ ಕಡವಿಗೆ ಬರುತ್ತೇನೆ, ದೋಣಿ ಕಟ್ಟಬೇಡ’ ಎಂದು ಓದಿದೆ. ಅದು ನಿನ್ನ ಚೀಟಿಯಲ್ಲಿ ಇರಲಿಲ್ಲ. ನೀನು ಕೊಟ್ಟುಬಾ ಎಂದು ನನ್ನ ಕೈಗಿತ್ತ ಪುಸ್ತಕವನ್ನು ದಾರಿಯಲ್ಲಿ ಮರದಡಿ ಕೂತು ತಿರುವಿಹಾಕಿದ್ದೆ, ಆ ಸಾಲು ಆ ಕಥೆಯದು. ನೀನು ಊರಿನ ಎಲ್ಲರಿಗೂ ಚೀಟಿ ಬರೆಯುತ್ತಿದ್ದೆ. ನನಗೊಂದು ಬರೆ ಎಂದರೆ, ಮನೆಯವರಿಗಿಲ್ಲ ಎಂದು ನಕ್ಕಿದ್ದೆ. ಅಪ್ಪ ನಿನಗೆ ಎರಡು ಬೈಗುಳ ಬೈದರೆ ಸಾಕೆಂದುಕೊಂಡಿದ್ದೆ, ಅಷ್ಟೇ. ಅವರು ನಿನ್ನನ್ನು ಒಂದು ಮಾತೂ ಕೇಳದೆ ಎದ್ದು ಕಡವಿಗೆ ಹೋದರು. ಯಾಕೆ ಶಿಕ್ಷೆಯಾಯಿತೆಂದು ನಿನಗೆ ಇಂದಿನವರೆಗೂ ಯಾರೂ ಹೇಳಿರಲಾರರು. ಇದು ಕಾರಣ. ಹದಿನಾರಕ್ಕೆ ನಾನೇ ಎದ್ದು ಹೇಳುತ್ತೇನೆ, ನೀನು ಬರೆದರೂ ಬರೆಯದಿದ್ದರೂ. ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಹುಡುಗಿಯನ್ನು ಉಳಿಸಲು ಮುದುಕ ಕಥೆ ಕಟ್ಟಿದ ಎನ್ನಬಹುದು. ಬರೆಯುವುದಾದರೆ ಆ ಹುಡುಗಿಗಾಗಿ ಬರೆ, ನನಗಾಗಿ ಬೇಡ. ನನಗೆ ನೆನಪಿರುವುದು ಇಷ್ಟು, ತಪ್ಪಿದ್ದರೆ ತಿದ್ದು: ‘ಪವಿತ್ರಾ, ಇದರಲ್ಲೊಬ್ಬ ಅಂಬಿಗ ಬರುತ್ತಾನೆ. ಬರೆದವರಿಗೆ ಹುಟ್ಟು ಹಾಕಿ ಗೊತ್ತಿಲ್ಲ ಅಂತ ನನಗೆ ಅನುಮಾನ. ಓದಿ ನೋಡಿ, ಎಲ್ಲೆಲ್ಲಿ ತಪ್ಪಿದೆ ಅಂತ ಭಾನುವಾರ ಹೇಳು.’